ಬೆಳಿಗ್ಗೆ ಆರೂವರೆಯ ಶುಗರ್

ಹೆಂಡತಿ ಪ್ರೇಮಾವತಿ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಭೋಜ ಶೆಟ್ಟರು ಸಕ್ಕರೆ ಡಬ್ಬ, ಬೆಲ್ಲದ ಭರಣಿ, ಮೊಮ್ಮಗಳ ಬಿಸ್ಕತ್ತಿನ ಪ್ಯಾಕೆಟ್ ಎಲ್ಲವನ್ನೂ ಒಟ್ಟು ಮಾಡಿ ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಪಟ್ಟೆ ಸೀರೆಗಳ ನಡುವೆ ಬೆಲ್ಲ ಇಟ್ಟವರನ್ನು ಇಡೀ ಮೆಲ್ಕಾರ್‌ನಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಕೀಲಿಕೈಯನ್ನು ಅವರು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡರು.

"ಇನ್ನು ಈ ಮನೆಯಲ್ಲಿ ಸಿಹಿಯ ಹೆಸರು ಎತ್ಲಿಕ್ಕಿಲ್ಲ."

"ನನ್ನ ಸೀರೆಗೆ ಬೆಲ್ಲ ಅಂಟಿದರೆ ತೊಳೆಯುವುದು ಯಾರು? ನೀವಾ?" ಎಂದು ಪ್ರೇಮಾವತಿ ಮಂಚದಿಂದಲೇ ಕೇಳಿದರು. ಹದಿನೈದು ದಿನ ಆಸ್ಪತ್ರೆಯಲ್ಲಿದ್ದು ಸ್ವರ ಸಣ್ಣದಾಗಿತ್ತು. ನಾಲಿಗೆಗೆ ಮಾತ್ರ ಏನೂ ಆಗಿರಲಿಲ್ಲ.

ಅವರಿಗೆ ಬಂದದ್ದು ಇಲಿಜ್ವರ. ಮೂವತ್ತೊಂದು ವರ್ಷದಿಂದ ಹೆದ್ದಾರಿಯ ಬದಿಯಲ್ಲಿ ಶೆಟ್ಟರ ಹೋಟೆಲು ಉಂಟು, ಅದರ ಹಿಂದೆಯೇ ಮನೆ. ಹೋಟೆಲಿನ ಹಿಂದಿನ ಚರಂಡಿ ಕಟ್ಟಿಕೊಂಡದ್ದನ್ನು ನೋಡಲಾರದೆ ಪ್ರೇಮಾವತಿ ಒಡೆದ ಹಿಮ್ಮಡಿಯಲ್ಲೇ ಅದಕ್ಕೆ ಇಳಿದಿದ್ದರು. ವಾರದೊಳಗೆ ಚಳಿ, ಜ್ವರ, ಹಳದಿ ಕಣ್ಣು. ಮಂಗಳೂರಿನ ದೊಡ್ಡ ಆಸ್ಪತ್ರೆಯ ಐಸಿಯುನಲ್ಲಿ ಒಂಬತ್ತು ದಿನ ಮಲಗಿದರು. ಶೆಟ್ಟರು ಆ ಒಂಬತ್ತು ದಿನವೂ ಹೊರಗಿನ ಬೆಂಚು ಬಿಟ್ಟು ಕದಲಲಿಲ್ಲ. ಹೋಟೆಲಿನ ಗಲ್ಲೆಯಲ್ಲಿ ಕುಳಿತರೆ ಗುಡುಗುವ ಮನುಷ್ಯ, ಅಲ್ಲಿ ನರ್ಸ್‌ಗಳು ಬಾಗಿಲು ತೆರೆದಾಗಲೆಲ್ಲ ಎದ್ದು ನಿಂತು ಕೈ ಮುಗಿಯುತ್ತಿದ್ದರು.

ಎರಡನೆಯ ದಿನ ಐಸಿಯುನ ಎಳೆಯ ಡಾಕ್ಟರಮ್ಮ ಹೊರಗೆ ಬಂದು ಕೇಳಿದ್ದರು. "ಇವರಿಗೆ ಮೊದಲಿನಿಂದಲೂ ಶುಗರ್ ಉಂಟಾ? ಈಗ ಮುನ್ನೂರ ಎಂಬತ್ತಾರು ತೋರಿಸ್ತಾ ಉಂಟು."

"ಇಲ್ಲವೇ ಇಲ್ಲ," ಎಂದಳು ಸೊಸೆ ಶಶಿಪ್ರಭಾ.

"ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ ಮಾಡಿಸಿದ್ದೇವೆ, ಅದು ಸರಿಯೇ ಉಂಟು. ಹಾಗಾದರೆ ಇದು ಈ ಕಾಯಿಲೆಯೇ ತಂದ ಸಕ್ಕರೆ. ಜೀವಕ್ಕೆ ಅಪಾಯ ಬಂದಾಗ ಹೋರಾಡಲಿಕ್ಕೆ ಅಂತ ದೇಹ ತಾನೇ ಸಕ್ಕರೆಯನ್ನು ರಕ್ತಕ್ಕೆ ಬಿಡ್ತದೆ. ಅದೇ ಹೊತ್ತಿಗೆ ಇನ್ಸುಲಿನ್ ಹೇಳಿದ ಮಾತನ್ನು ದೇಹ ಕೇಳುವುದಿಲ್ಲ. ಸಕ್ಕರೆ ರಕ್ತದಲ್ಲೇ ನಿಲ್ತದೆ. ಅದಕ್ಕೆ ನಾವು ಹೊರಗಿನಿಂದ ಇನ್ಸುಲಿನ್ ಕೊಟ್ಟು ಗಂಟೆಗೊಮ್ಮೆ ನೋಡ್ತಾ ಇದ್ದೇವೆ. ಕಾಯಿಲೆ ಇಳಿದ ಹಾಗೆ ಇದೂ ಇಳಿಯಬೇಕು."

ಶಶಿಪ್ರಭಾ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಅಳತೆ ಹೇಳಿದರೆ ಒಂದೇ ಸಲಕ್ಕೆ ನೆನಪಿಟ್ಟುಕೊಳ್ಳುವವಳು. ಡಾಕ್ಟರಮ್ಮನ ಮಾತನ್ನೂ ಹಾಗೆಯೇ ಇಟ್ಟುಕೊಂಡಳು. ಆ ಸಂಜೆ ಎಂಟನೆಯ ಕ್ಲಾಸಿನ ಮಗಳು ತೃಷಾಳಿಗೆ ಫೋನಿನಲ್ಲಿ ವಿವರಿಸಿದಳು. "ನಮ್ಮ ಹೋಟೆಲಿಗೆ ಒಂದೇ ಸಲ ನಾಲ್ಕು ಬಸ್ಸಿನ ಜನ ಇಳಿದರೆ ಎಂತ ಆಗ್ತದೆ? ಅಜ್ಜ ಗಲ್ಲೆಯಿಂದ ಬೊಬ್ಬೆ ಹಾಕಿದರೂ ಒಳಗೆ ಯಾರಿಗೂ ಕೇಳುವುದಿಲ್ಲ ಅಲ್ವಾ? ಅಜ್ಜಿಯ ಮೈಯಲ್ಲಿ ಈಗ ಹಾಗೆ ಆಗಿದೆ." ಶೆಟ್ಟರು ಪಕ್ಕದಲ್ಲೇ ಇದ್ದರು. ಅವರಿಗೆ ಇದು ಯಾವುದೂ ಕಿವಿಗೆ ಬೀಳಲಿಲ್ಲ, ಮುನ್ನೂರ ಎಂಬತ್ತಾರು ಎಂಬ ಲೆಕ್ಕ ಮಾತ್ರ ಬಿತ್ತು.

ಮನೆಗೆ ಕಳಿಸುವಾಗ ಆಸ್ಪತ್ರೆಯವರು ಬೆಳಿಗ್ಗೆ ಹತ್ತು ಯುನಿಟ್ ಇನ್ಸುಲಿನ್ ಬರೆದುಕೊಟ್ಟಿದ್ದರು. ದಿನಾ ಖಾಲಿ ಹೊಟ್ಟೆಯಲ್ಲಿ ಬೆರಳು ಚುಚ್ಚಿ ನೋಡಬೇಕು, ಇಳಿದ ಹಾಗೆ ಬಿ.ಸಿ.ರೋಡಿನ ಡಾಕ್ಟರಿಗೆ ತೋರಿಸಿ ಕಡಿಮೆ ಮಾಡಿಸಿ ನಿಲ್ಲಿಸಬೇಕು ಎಂದೂ ಹೇಳಿದ್ದರು. ಚುಚ್ಚುವ ಕೆಲಸವನ್ನು ಶೆಟ್ಟರು ಬೇರೆ ಯಾರಿಗೂ ಬಿಡಲಿಲ್ಲ. ಬೆಳಿಗ್ಗೆ ಸರಿಯಾಗಿ ಆರೂವರೆಗೆ, ಸ್ನಾನ ಮುಗಿಸಿ, ದೇವರಿಗೆ ದೀಪ ಇಟ್ಟು, ಕನ್ನಡಕ ಹಾಕಿ, ಮಿಷನ್ ಹಿಡಿದು ಮಂಚದ ಬದಿಗೆ ಬಂದು ಕೂರುವರು. ಬಂದ ಅಂಕೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಗಳ ಪಕ್ಕದಲ್ಲಿ ಬರೆಯುವರು. ಮೊದಲ ವಾರ ನೂರ ನಲವತ್ತೆಂಟು, ನೂರ ಮೂವತ್ತು, ನೂರ ಹದಿನೆಂಟು.

"ನೋಡಿ, ಇಳಿಯುತ್ತಾ ಉಂಟು. ಇನ್ನು ನಾನು ಹೋಟೆಲಿಗೆ ಹೋಗ್ಬಹುದು," ಎಂದರು ಪ್ರೇಮಾವತಿ.

"ಹೋಟೆಲಿನ ಹಿಂಬಾಗಿಲು ದಾಟಿದರೆ ನನ್ನಾಣೆ. ನಿನ್ನನ್ನು ಮಲಗಿಸಿದ್ದೇ ಆ ಹೋಟೆಲು. ಅಡುಗೆಗೆ ಬೇರೆ ಜನ ಇಡುವ."

"ಮೂವತ್ತೊಂದು ವರ್ಷ ನಾನು ಕಲಸಿದ ಹಿಟ್ಟಿಗೆ ಬೇರೆ ಜನವಾ?"

"ಹೌದು."

ಪ್ರೇಮಾವತಿ ಗೋಡೆಯ ಕಡೆಗೆ ತಿರುಗಿ ಮಲಗಿದರು. ಇಲಿಜ್ವರಕ್ಕೆ ಹೆದರದಿದ್ದವರು ಈ ಮಾತಿಗೆ ಹೆದರಿದ್ದರು. ಅಡುಗೆಮನೆ ಹೋದರೆ ಉಳಿದ ದಿನವಿಡೀ ಮಾಡುವುದೇನು ಎಂದು ಅವರಿಗೆ ತಿಳಿಯಲಿಲ್ಲ.

ಹೋಟೆಲಿನಲ್ಲಿ ಅಷ್ಟರಲ್ಲಿ ಬೇರೆಯೇ ಸಂಕಟ ಶುರುವಾಗಿತ್ತು. ಅಲ್ಲಿ ಸಂಜೆ ನಾಲ್ಕು ಗಂಟೆಗೆ ಎಣ್ಣೆಯಿಂದ ಬಿಸಿ ಬನ್ಸ್ ಇಳಿಯುತ್ತದೆ. ಕಳಿತ ಬಾಳೆಹಣ್ಣನ್ನು ಸಕ್ಕರೆ, ಮೊಸರಿನ ಜೊತೆ ಕೈಯಲ್ಲೇ ಕಿವುಚಿ, ಮೈದಾ ಕಲಸಿ, ಬೆಳಿಗ್ಗೆಯೇ ಮುಚ್ಚಿಟ್ಟರೆ ಸಂಜೆಗೆ ಹಿಟ್ಟು ಹದಕ್ಕೆ ಬರುತ್ತದೆ. ಮಗ ಶೋಧನ್‌ನ ಕೈಯಲ್ಲಿ ಅದು ಬರಲೊಲ್ಲದು. ಕಾಲೇಜಿನ ಹುಡುಗಿಯೊಬ್ಬಳು ಬನ್ಸನ್ನು ಮೇಜಿಗೆ ಕುಟ್ಟಿ ತೋರಿಸಿ, "ಅಂಕಲ್, ಇದು ಬನ್ಸಾ, ಕ್ರಿಕೆಟ್ ಬಾಲಾ?" ಎಂದು ಕೇಳಿದ ದಿನ ಅವನು ಊಟ ಮಾಡಲಿಲ್ಲ.

ಮರುದಿನ ಅಪ್ಪ ಸ್ನಾನಕ್ಕೆ ಹೋದ ಹೊತ್ತು ನೋಡಿ ಅವನು ಅಮ್ಮನ ಮಂಚದ ಹತ್ತಿರ ಬಂದ.

"ಅಮ್ಮ, ಒಂದು ಹತ್ತು ನಿಮಿಷ. ಹದ ತೋರಿಸಿ ಬಂದುಬಿಡಿ."

"ಅಪ್ಪ ಆಣೆ ಹಾಕಿದ್ದಾರೆ ಮಾರಾಯ."

"ಹಿಂಬಾಗಿಲು ತಾನೇ ಹೇಳಿದ್ದು? ಸೌದೆ ಇಡುವ ಬದಿಯ ಬಾಗಿಲು ಉಂಟಲ್ಲ."

ಪ್ರೇಮಾವತಿ ಆಗಲೇ ಎದ್ದು ಚಪ್ಪಲಿ ಹುಡುಕುತ್ತಿದ್ದರು. ನೆರಿಯದ ತೋಟದಿಂದ ಬಂದಿದ್ದ ಬಾಳೆಗೊನೆ ಚೆನ್ನಾಗಿ ಕಳಿತಿತ್ತು. ಸ್ಟೂಲಿನಲ್ಲಿ ಕುಳಿತು ಎರಡು ಕೈಯೂ ಹಾಕಿ ಕಿವುಚಿದರು. ಮೈಯಲ್ಲಿ ಅರ್ಧ ಶಕ್ತಿ ಇಲ್ಲದಿದ್ದರೂ ಬೆರಳುಗಳಿಗೆ ಎಲ್ಲವೂ ನೆನಪಿತ್ತು. ಎಷ್ಟೋ ದಿನದ ಮೇಲೆ ಅವರಿಗೆ ತಾನು ಬದುಕಿ ಬಂದದ್ದು ಹೌದು ಎನ್ನಿಸಿ ಖುಷಿಯಾಯಿತು. ಮನೆಯಿಂದ ದೇವರ ಗಂಟೆ ಕೇಳಿದ್ದೇ ಎದ್ದು, ಕೈಯನ್ನು ಸೆರಗಿಗೆ ಒರಸಿಕೊಂಡು, ಬದಿಯ ಬಾಗಿಲಿನಿಂದ ಓಡಿ ಬಂದು ಮಂಚದಲ್ಲಿ ಮಲಗಿ ಹೊದಿಕೆ ಎಳೆದುಕೊಂಡರು. ಶೆಟ್ಟರು ಬೆರಳು ಚುಚ್ಚಿದರು.

ಇನ್ನೂರ ತೊಂಬತ್ತು.

"ಏನು ತಿಂದೆ?" ಶೆಟ್ಟರ ಸ್ವರ ಕೇಳಿ ತೃಷಾ ಹಲ್ಲುಜ್ಜುವುದು ಬಿಟ್ಟು ಬಂದಳು.

"ದೇವರಾಣೆ, ಬಾಯಿಗೆ ನೀರೂ ಹಾಕಲಿಲ್ಲ."

"ಮತ್ತೆ ಇದು ಎಲ್ಲಿಂದ ಬಂತು? ಮಿಷನ್ ಸುಳ್ಳು ಹೇಳ್ತದಾ?"

ಮರುದಿನ ಮುನ್ನೂರ ನಾಲ್ಕು. ಅದರ ಮರುದಿನ ಇನ್ನೂರ ಎಪ್ಪತ್ತೈದು. ಇತ್ತ ನಾಲ್ಕು ಗಂಟೆಯ ಬನ್ಸ್ ಹೂವಿನಷ್ಟು ಮೆತ್ತಗೆ ಬರತೊಡಗಿತ್ತು. ಶೆಟ್ಟರು ಗಲ್ಲೆಯಲ್ಲಿ ಕುಳಿತು ಗಿರಾಕಿಗಳ ಮುಂದೆ ಮಗನನ್ನು ಹೊಗಳುವರು, ಮನೆಗೆ ಬಂದು ಹೆಂಡತಿಯನ್ನು ಬಯ್ಯುವರು. ಶೋಧನ್ ಎರಡನ್ನೂ ತಲೆ ತಗ್ಗಿಸಿ ಕೇಳುತ್ತಿದ್ದ.

ಭಾನುವಾರ ಮಗಳು ಜ್ಯೋತ್ಸ್ನಾ ಮೂಡುಬಿದಿರೆಯಿಂದ ಒಂದು ಚೀಲ ಹಾಗಲಕಾಯಿ, ಒಂದು ಬಾಟಲಿ ಕಷಾಯ ಹಿಡಿದು ಬಂದಳು. ಬಸ್ಸಿಳಿದು ಬಂದವಳು ಬ್ಯಾಗ್ ಕೂಡ ಕೆಳಗಿಡದೆ ಅಮ್ಮನ ದಿಂಬು ಎತ್ತಿ ನೋಡಿದಳು.

"ಇದೆಂತ ಅಪ್ಪ, ಇಲ್ಲಿ ಇರುವೆ!"

"ಹೇಳಿದೆನಲ್ಲ! ಇರುವೆ ಸುಮ್ಮನೆ ಬರ್ತದಾ? ದಿಂಬಿನಡಿ ಎಂತದೋ ಇಡ್ತಾಳೆ. ತೃಷಾ, ನೀನಾ ಅಜ್ಜಿಗೆ ಚಾಕಲೇಟು ಕೊಡುವುದು?"

"ನನಗೇ ತಿನ್ಲಿಕ್ಕೆ ಇಲ್ಲ! ನನ್ನ ಬಿಸ್ಕತ್ತು ಕೂಡ ನಿಮ್ಮ ಕಪಾಟಿನಲ್ಲಿ ಉಂಟು!" ತೃಷಾ ಅಳುವ ಹಾಗಾದಳು.

"ಶುಗರಿನವರ ಹತ್ತಿರ ಇರುವೆ ಬರುವುದು ಉಂಟು ಅಪ್ಪ," ಎಂದು ಜ್ಯೋತ್ಸ್ನಾ ತಿಳಿದವಳ ಹಾಗೆ ಹೇಳಿ ಕಷಾಯವನ್ನು ಲೋಟಕ್ಕೆ ಸುರಿದಳು. "ಅಮ್ಮ, ಒಂದೇ ಉಸಿರಿಗೆ ಕುಡಿಯಿರಿ."

ಪ್ರೇಮಾವತಿ ಕುಡಿದರು. ಮುಖ ಕಿವುಚಿ, ಎಲ್ಲರನ್ನೂ ಒಂದು ಸುತ್ತು ನೋಡಿ ಹೇಳಿದರು. "ನಾನು ತಿನ್ನಲಿಲ್ಲ. ಈ ಮನೆಯಲ್ಲಿ ನನ್ನ ಮಾತು ನಂಬುವವರು ಒಬ್ಬರೂ ಇಲ್ಲವಾ?"

ಶೋಧನ್ ಎದ್ದು ಹೋಟೆಲಿಗೆ ಹೋದ. ಶಶಿಪ್ರಭಾ ಹೊಲಿಗೆ ನಿಲ್ಲಿಸಿದಳು. "ಮಾಮಿ, ನಾನು ನಂಬ್ತೇನೆ," ಎಂದಳು. ಈ ಮನೆಯಲ್ಲಿ ಸೊಸೆ ಅತ್ತೆಯನ್ನು ಕರೆಯುವುದು ಮಾಮಿ ಎಂದೇ. "ಜ್ವರ ಇಳಿದ ಮೇಲೆ ಇಳಿಯಬೇಕು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಇಳಿಯುತ್ತಲೂ ಇತ್ತು. ಮಧ್ಯದಲ್ಲಿ ಹೀಗೆ ಹಾರಿದ್ದಕ್ಕೆ ಬೇರೆ ಏನೋ ಕಾರಣ ಉಂಟು ಮಾವ."

"ಕಾರಣ ದಿಂಬಿನಡಿ ಉಂಟು," ಎಂದರು ಶೆಟ್ಟರು.

ಗುರುವಾರ ಅವರು ಬಿ.ಸಿ.ರೋಡಿನ ಡಾಕ್ಟರ್ ಅಬ್ದುಲ್ ರವೂಫರಿಗೆ ಫೋನು ಮಾಡಿದರು. ಎರಡು ಯುನಿಟ್ ಮಾತ್ರ ಜಾಸ್ತಿ ಮಾಡಿ, ಊಟ ತಪ್ಪಿಸಬೇಡಿ, ಸೋಮವಾರ ಖಂಡಿತ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಹೇಳಿದರು. ಎರಡು ದಿನ ಶೆಟ್ಟರು ಹಾಗೆಯೇ ಮಾಡಿದರು. ಶನಿವಾರ ಬೆಳಿಗ್ಗೆ ಮುನ್ನೂರ ಹದಿನೆಂಟು ಬಂದಾಗ ಅವರ ತಲೆ ಓಡಿತು. ಎರಡಕ್ಕೆ ಇಳಿಯದ್ದು ಆರಕ್ಕೆ ಇಳಿಯಬೇಕಲ್ಲ? ಯಾರಿಗೂ ಹೇಳದೆ ಹದಿನಾರು ಯುನಿಟ್ ಚುಚ್ಚಿ, ಶಿಕ್ಷೆಗೆಂದು ಎರಡು ದೋಸೆಯ ಬದಲು ಒಂದೇ ದೋಸೆ ಕೊಡಿಸಿ, ಹೋಟೆಲಿಗೆ ಹೋದರು.

ಹತ್ತೂವರೆಯ ಹೊತ್ತಿಗೆ ಪ್ರೇಮಾವತಿ ಹಜಾರದಲ್ಲಿ ಅಲಸಂಡೆ ಮುರಿಯುತ್ತಿದ್ದರು. ಕೈ ನಡುಗಿ ಅಲಸಂಡೆ ಚೆಲ್ಲಿತು. ಹಣೆಯಲ್ಲಿ ಬೆವರು ಇಳಿಯಿತು. ಶಾಲೆಗೆ ರಜೆಯಿದ್ದು ಎದುರಿಗೆ ಕುಳಿತಿದ್ದ ತೃಷಾಳನ್ನು ಜ್ಯೋತ್ಸ್ನಾ ಎಂದು ಕರೆದು, "ಶಾಲೆಗೆ ಹೊತ್ತಾಯಿತು, ಜಡೆ ಹಾಕ್ತೇನೆ ಬಾ," ಎಂದರು.

"ಅಮ್ಮಾ, ಅಜ್ಜಿ ಹೇಗೇಗೋ ಮಾತಾಡ್ತಾರೆ!"

ಶಶಿಪ್ರಭಾ ಓಡಿ ಬಂದು ಒದ್ದೆ ಬಟ್ಟೆಯಲ್ಲಿ ಅತ್ತೆಯ ಕೈ, ಮುಖ ಒರಸಿ, ಬೆರಳು ಚುಚ್ಚಿದಳು. ನಲವತ್ತಾರು. ಸಕ್ಕರೆ ಕೊಡಬೇಕು, ಈಗಲೇ ಕೊಡಬೇಕು. ಸಕ್ಕರೆ ಕಪಾಟಿನಲ್ಲಿ, ಕೀಲಿಕೈ ಮಾವನ ಉಡಿದಾರದಲ್ಲಿ!

"ಅಜ್ಜಿಯನ್ನು ಹಿಡಿದುಕೋ," ಎಂದವಳೇ ಅಂಗಳ ದಾಟಿ ಹೋಟೆಲಿಗೆ ನುಗ್ಗಿ, ಚಾ ಮಾಡುವಲ್ಲಿದ್ದ ಸಕ್ಕರೆಯ ಪಾತ್ರೆಯನ್ನೇ ಎತ್ತಿಕೊಂಡು ಓಡಿದಳು.

"ಎಲ್ಲಿಗೆ ಅದು? ಶಶೀ, ಎಲ್ಲಿಗೆ?" ಶೆಟ್ಟರು ಗಲ್ಲೆ ಬಿಟ್ಟು ಹಿಂದೆಯೇ ಓಡಿದರು. ಅವರ ಹಿಂದೆ ಶೋಧನ್ ಓಡಿದ.

ಮೂರು ಚಮಚ ಸಕ್ಕರೆ ಕರಗಿಸಿದ ನೀರನ್ನು ಶಶಿಪ್ರಭಾ ಗುಟುಕು ಗುಟುಕಾಗಿ ಕುಡಿಸಿದಳು. ಶೆಟ್ಟರು ಹೆಂಡತಿಯ ಕಾಲ ಬುಡದಲ್ಲಿ ನೆಲಕ್ಕೆ ಕುಕ್ಕರಿಸಿದರು. ಐಸಿಯುನ ಬಾಗಿಲಲ್ಲಿ ಮುಗಿಯುತ್ತಿದ್ದ ಕೈ ಮತ್ತೆ ತಾನಾಗಿಯೇ ಮುಗಿದುಕೊಂಡಿತು. ಕಾಲು ಗಂಟೆಯ ಮೇಲೆ ಪ್ರೇಮಾವತಿ ಕಣ್ಣು ಸರಿಯಾಗಿ ತೆರೆದು ಸುತ್ತ ನೋಡಿದರು.

"ಎಲ್ಲ ಇಲ್ಲೇ ಇದ್ದೀರಲ್ಲ? ಗಲ್ಲೆಯಲ್ಲಿ ಯಾರು?"

ತೃಷಾ ಅಳುತ್ತಲೇ ನಕ್ಕುಬಿಟ್ಟಳು. ಮತ್ತೆ ಚುಚ್ಚಿದಾಗ ತೊಂಬತ್ತೆರಡು ಬಂತು. ಶಶಿಪ್ರಭಾ ಗಂಜಿ, ಪಲ್ಯ ಕೊಟ್ಟು ಅತ್ತೆಗೆ ಊಟ ಮಾಡಿಸಿ, ಡಾಕ್ಟರಿಗೆ ಫೋನು ಮಾಡಿದಳು. ಇವತ್ತೆಲ್ಲ ಗಂಟೆಗೊಮ್ಮೆ ನೋಡ್ತಾ ಇರಿ, ನಾಳೆ ಇನ್ಸುಲಿನ್ ಕೊಡಲೇಬೇಡಿ, ಸೋಮವಾರ ಬನ್ನಿ ಎಂದರು ಅವರು. ಫೋನು ಕೆಳಗಿಟ್ಟು ಅವಳು ಮಾವನ ಎದುರು ನಿಂತಳು. ಮದುವೆಯಾಗಿ ಹದಿನೈದು ವರ್ಷದಲ್ಲಿ ಹಾಗೆ ನಿಂತದ್ದು ಅದೇ ಮೊದಲು.

"ಮಾವ, ಎಷ್ಟು ಕೊಟ್ಟಿರಿ?"

"ಹದಿನಾರು."

"ಡಾಕ್ಟರು ಹನ್ನೆರಡು ಹೇಳಿದ್ದಲ್ಲವಾ?"

"ಮುನ್ನೂರ ಹದಿನೆಂಟು ಇತ್ತಲ್ಲ ಮಾರಾಯ್ತಿ, ನನಗೆ ಹೆದರಿಕೆ ಆಯ್ತು."

"ಆರೂವರೆಗೆ ನಿಜಕ್ಕೂ ಅಷ್ಟು ಇದ್ದರೆ ಹತ್ತೂವರೆಗೆ ನಲವತ್ತಾರಕ್ಕೆ ಹೇಗೆ ಬಂತು?" ಅವಳು ಅತ್ತೆಯ ಸೆರಗು ಹಿಡಿದು ನೋಡಿದಳು. ಅಂಚಿನಲ್ಲಿ ಅಂಟು ಕಲೆ, ಅದರ ಮೇಲೆ ಇರುವೆ ಸಾಲು. ಮೂಗಿಗೆ ಹಿಡಿದಳು. "ಮಾಮಿ, ಇದು ಬಾಳೆಹಣ್ಣು."

"ತಿಂದದ್ದು ಬಾಳೆಹಣ್ಣಾ!" ಎಂದು ಶೆಟ್ಟರು ಶುರು ಮಾಡುವಷ್ಟರಲ್ಲಿ ಶೋಧನ್ ಮುಂದೆ ಬಂದ.

"ತಿಂದದ್ದಲ್ಲ ಅಪ್ಪ, ಕಿವುಚಿದ್ದು. ಬನ್ಸ್ ನಾನು ಮಾಡಿದ್ದಲ್ಲ. ದಿನಾ ಬೆಳಿಗ್ಗೆ ನೀವು ಸ್ನಾನಕ್ಕೆ ಹೋದಾಗ ಅಮ್ಮನನ್ನು ನಾನೇ ಕರ್ಕೊಂಡು ಹೋಗ್ತಿದ್ದೆ. ತಪ್ಪು ನನ್ನದು."

"ನಾನು ತಿನ್ನಲಿಲ್ಲ ಅಂದದ್ದು ಸತ್ಯ," ಎಂದರು ಪ್ರೇಮಾವತಿ ಸಣ್ಣ ಸ್ವರದಲ್ಲಿ. "ಇಡೀ ಬೆಳಿಗ್ಗೆ ಮಲಗಿದ್ದೆ ಅಂತ ತೋರಿಸಿದ್ದು ಸುಳ್ಳು."

ಶಶಿಪ್ರಭಾಳ ಮುಖ ಅರಳಿತು. ಹೋಟೆಲಿನಿಂದ ಎರಡು ಬಾಳೆಹಣ್ಣು ತರಿಸಿ, ಬಟ್ಟಲಿನಲ್ಲಿಟ್ಟು, ಒಂದು ಚಮಚ ಸಕ್ಕರೆ ಹಾಕಿ ಮಾವನ ಮುಂದೆ ಇಟ್ಟಳು.

"ಕಿವುಚಿ."

"ಯಾರು, ನಾನಾ?"

"ನೀವೇ ಮಾವ."

ಮೂವತ್ತೊಂದು ವರ್ಷ ಬನ್ಸ್ ಮಾರಿದ ಭೋಜ ಶೆಟ್ಟರು ಅವತ್ತು ಮೊದಲ ಸಲ ಬಾಳೆಹಣ್ಣಿಗೆ ಕೈ ಹಾಕಿದರು. ಕಿವುಚಿದ ಮೇಲೆ ಟವೆಲಿಗೆ ಕೈ ಒರಸಿಸಿ ಸೊಸೆ ಅವರ ಬೆರಳು ಚುಚ್ಚಿದಳು. ದಿನಾ ಇನ್ನೊಬ್ಬರಿಗೆ ಚುಚ್ಚುವ ಮನುಷ್ಯ ಕಣ್ಣು ಮುಚ್ಚಿಕೊಂಡು "ಅಯ್ಯೋ" ಎಂದರು.

"ಮುನ್ನೂರ ನಲವತ್ತೇಳು!" ತೃಷಾ ಓದಿದಳು.

"ಅಯ್ಯೋ ದೇವರೇ, ನಾನು ಹೋದೆ!"

"ಎಲ್ಲಿಗೂ ಹೋಗ್ಲಿಕ್ಕಿಲ್ಲ, ಬಚ್ಚಲಿಗೆ ಹೋಗಿ. ಸೋಪು ಹಾಕಿ ಚೆನ್ನಾಗಿ ತೊಳೆದು ಬನ್ನಿ."

ತೊಳೆದು ಬಂದಾಗ ನೂರ ನಾಲ್ಕು. ಪ್ರೇಮಾವತಿ ಮೊದಲು ನಕ್ಕರು, ಆಮೇಲೆ ತೃಷಾ, ಆಮೇಲೆ ಶೋಧನ್ ಹೆದರುತ್ತ ಹೆದರುತ್ತ. ವಿಷಯ ಕೇಳಲು ಮೂಡುಬಿದಿರೆಯಿಂದ ಫೋನು ಮಾಡಿದ ಜ್ಯೋತ್ಸ್ನಾಳಿಗೆ ಈ ಕಡೆಯಿಂದ ನಗು ಬಿಟ್ಟು ಬೇರೇನೂ ಕೇಳಲಿಲ್ಲ. ಶೆಟ್ಟರು ಮಾತ್ರ ನಗಲಿಲ್ಲ. ಅವರು ಕಪಾಟಿನ ಬಾಗಿಲು ತೆರೆದು ಒಂದೊಂದೇ ಡಬ್ಬ ಹೊರಗೆ ತಂದು ಅಡುಗೆಮನೆಯಲ್ಲಿ ಅದರದರ ಜಾಗದಲ್ಲಿ ಇಡುತ್ತಿದ್ದರು.

ಸೋಮವಾರ ಬಿ.ಸಿ.ರೋಡಿನಲ್ಲಿ ಡಾಕ್ಟರ್ ರವೂಫರು ರಕ್ತ ಪರೀಕ್ಷೆ ಮಾಡಿಸಿ, ಆಸ್ಪತ್ರೆಯ ಚೀಟಿಗಳನ್ನೆಲ್ಲ ಓದಿ, ಕಥೆ ಪೂರ್ತಿ ಕೇಳಿದರು. ನಗು ತಡೆಯಲು ಸ್ವಲ್ಪ ಕಷ್ಟಪಟ್ಟರು.

"ಕೈ ತೊಳೆದು ನೋಡಿ ಅಂತ ಫೋನಿನಲ್ಲಿ ಹೇಳಬೇಕಿತ್ತು. ಅದು ನನ್ನ ತಪ್ಪು," ಎಂದರು. "ಪ್ರೇಮಕ್ಕ, ಇನ್ಸುಲಿನ್ ಇವತ್ತಿಗೆ ಬಂದ್. ಐಸಿಯುನಲ್ಲಿ ಏರಿದ ಸಕ್ಕರೆ ಆ ಜ್ವರದ ಜೊತೆಗೇ ಹೋಗಿದೆ. ಆದರೆ ಹಾಗೆ ಏರಿದವರಿಗೆ ಮುಂದೆ ಶುಗರ್ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ. ಮೂರು ತಿಂಗಳಿಗೆ ಒಮ್ಮೆ ಬನ್ನಿ. ತಿನ್ನುವುದರಲ್ಲಿ ಹಿತಮಿತ ಇರಲಿ."

"ಹೋಟೆಲಿನ ಕೆಲಸ?"

"ಮೆಲ್ಲ ಮೆಲ್ಲ ಮಾಡಿ. ಚರಂಡಿಗೆ ಇಳಿಯುವುದು ಬೇಡ."

"ಶೆಟ್ರೇ," ಎಂದು ಡಾಕ್ಟರು ಈ ಕಡೆ ತಿರುಗಿದರು, "ಇನ್ಸುಲಿನ್ ಅಂದರೆ ಸಾಂಬಾರಿನ ಉಪ್ಪಲ್ಲ, ನಿಮ್ಮ ಅಂದಾಜಿಗೆ ಹಾಕ್ಲಿಕ್ಕೆ. ಅವತ್ತು ಸೊಸೆ ಮನೆಯಲ್ಲಿ ಇಲ್ಲದಿದ್ದರೆ?"

ಶೆಟ್ಟರು ತಲೆ ತಗ್ಗಿಸಿ ಕೈ ಮುಗಿದರು. ಹೋಟೆಲಿನ ಎದುರು ರಿಕ್ಷಾ ನಿಲ್ಲಿಸಿ, ಹೆಂಡತಿಯ ಕೈ ಹಿಡಿದು ಇಳಿಸಿ, ಮುಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು. ಸಂಜೆ ನಾಲ್ಕೂಕಾಲು, ಮೇಜುಗಳೆಲ್ಲ ತುಂಬಿದ್ದವು. ಕಿಟಕಿ ಬದಿಯ ಒಂದು ಮೇಜು ಖಾಲಿಯಾದ ಕೂಡಲೇ ತಾವೇ ಬಟ್ಟೆ ಹಿಡಿದು ಒರಸಿದರು.

"ಕೂತುಕೋ."

"ನಾನು ಇಲ್ಲಿ ಕೂರುವುದಾ? ಜನ ಎಂತ ಹೇಳಿಯಾರು?"

"ಕೂತುಕೋ ಪ್ರೇಮಾ."

ಮೂವತ್ತೊಂದು ವರ್ಷದಲ್ಲಿ ಪ್ರೇಮಾವತಿ ಆ ಹೋಟೆಲಿನ ಮೇಜಿನ ಮುಂದೆ ಕುಳಿತಿರಲಿಲ್ಲ. ಶೆಟ್ಟರು ತಾವೇ ಹೋಗಿ ತಟ್ಟೆಯಲ್ಲಿ ಒಂದು ಬನ್ಸ್, ಒಂದು ಲೋಟ ಚಾ ತಂದಿಟ್ಟು ಎದುರಿಗೆ ಕುಳಿತರು. ಎರಡು ದಿನದಿಂದ ಹಿಟ್ಟು ಶೋಧನ್‌ನದೇ. ಪ್ರೇಮಾವತಿ ಮುರಿದು ಬಾಯಿಗಿಟ್ಟರು, ಎಷ್ಟೋ ಹೊತ್ತು ಅಗಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತ ಶೋಧನ್ ಅಲ್ಲಿಂದಲೇ ಮಾಯವಾದ.

"ಆ ಒಂಬತ್ತು ದಿನ ಹೊರಗೆ ಕೂತು ದೇವರಿಗೆ ಒಂದೇ ಮಾತು ಹೇಳ್ತಿದ್ದೆ," ಎಂದರು ಶೆಟ್ಟರು. "ಇವಳನ್ನು ಮನೆಗೆ ಕಳಿಸು, ಮತ್ತೆ ನಾನು ನೋಡಿಕೊಳ್ತೇನೆ ಅಂತ. ನೋಡಿಕೊಂಡದ್ದು ಹೀಗೆ. ನನ್ನ ಕೈಯಿಂದಲೇ ನೀನು ಹೋಗ್ತಿದ್ದಿ." ಅವರ ಕಣ್ಣು ತುಂಬಿತು. ಪಕ್ಕದ ಮೇಜಿನ ಕಾಲೇಜು ಹುಡುಗಿಯರು ತಿನ್ನುವುದು ನಿಲ್ಲಿಸಿದರು.

ಪ್ರೇಮಾವತಿಗೆ ಗಂಡನ ಮೇಲೆ ಇದ್ದ ಸಿಟ್ಟೆಲ್ಲ ಕರಗಿತು. ಹಾಗೆಂದು ಸುಮ್ಮನೆ ಬಿಡುವ ಮನಸ್ಸೂ ಇರಲಿಲ್ಲ.

"ನನ್ನನ್ನು ನೋಡಿಕೊಳ್ಳುವುದು ಸಾಕು. ಇನ್ನು ನನ್ನನ್ನೂ ಒಂದು ಮಾತು ಕೇಳಿ. ಅಷ್ಟೇ ಬೇಕಾದ್ದು."

ಶೆಟ್ಟರು ಪಂಚೆಯ ತುದಿಯಿಂದ ಕಣ್ಣೊರಸಿಕೊಂಡರು.

"ಹಾಗಾದರೆ ಕೇಳ್ತೇನೆ. ಹಿಟ್ಟು ಕಲಸ್ಲಿಕ್ಕೆ ನಾಳೆಯಿಂದ ಬರ್ತೀಯಾ?"

ಪ್ರೇಮಾವತಿ ಅವಸರ ಮಾಡಲಿಲ್ಲ. ಚಾ ಪೂರ್ತಿ ಕುಡಿದರು. ಲೋಟ ಕೆಳಗಿಟ್ಟರು. ಇಡೀ ಹೋಟೆಲು ಕಾಯುತ್ತಿತ್ತು.

"ಬರ್ತೇನೆ. ಆದರೆ ನನಗೆ ಇನ್ನೂ ಕೈಯಲ್ಲಿ ಶಕ್ತಿ ಸಾಲುವುದಿಲ್ಲ. ಹದ ನಾನು ನೋಡ್ತೇನೆ. ಕಿವುಚುವುದು ನೀವು."

ಹುಡುಗಿಯರು ಮೇಜು ಬಡಿದು ನಕ್ಕರು. ಅವರಲ್ಲೊಬ್ಬಳು, "ಅಜ್ಜ, ಒಪ್ಪಿಕೊಳ್ಳಿ!" ಎಂದು ಕೂಗಿದಳು. ಅಜ್ಜ ಒಪ್ಪಿಕೊಂಡರು.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಹಾಲು ತಂದವನು ಹೋಟೆಲಿನ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟ. ಒಳಗೆ ಭೋಜ ಶೆಟ್ಟರು ಮೊಣಕೈವರೆಗೆ ಬಾಳೆಹಣ್ಣು ಮೆತ್ತಿಕೊಂಡು ದೊಡ್ಡ ಪಾತ್ರೆಯ ಮೇಲೆ ಬಗ್ಗಿದ್ದರು. ಪಕ್ಕದಲ್ಲಿ ಪ್ರೇಮಾವತಿ ಕಾಲ ಮೇಲೆ ಕಾಲು ಹಾಕಿ ಸ್ಟೂಲಿನಲ್ಲಿ ಕುಳಿತಿದ್ದರು.

"ಸಾಕಾ?" ಎಂದು ಕೇಳಿದರು ಶೆಟ್ಟರು.

"ಗಂಟು ಉಂಟು," ಎಂದರು ಪ್ರೇಮಾವತಿ. "ಇನ್ನೂ ಕಿವುಚಿ."